ಇಪ್ಪತ್ತೊಂಬತ್ತನೆಯ ಸಾಲು

ಆಸ್ಪತ್ರೆಯ ಲ್ಯಾಬಿನ ಸರ್ವರ್ ಬೆಳಗ್ಗೆಯಿಂದ ಯಾರನ್ನೂ ಒಳಗೂ ಬಿಡುತ್ತಿರಲಿಲ್ಲ, ಹೊರಗೂ ಬಿಡುತ್ತಿರಲಿಲ್ಲ. ಎದ್ದ ಕೂಡಲೇ ಎಲ್ಲ ಬಾಗಿಲು ಜಡಿದುಕೊಂಡು, ಆಮೇಲೆ ಆಸ್ಪತ್ರೆಯ ಯಾವ ಕಂಪ್ಯೂಟರಿಗೆ ಎಲ್ಲಿಗೆ ದಾರಿ ಎಂದು ಬರೆದ ಫೈರ್‌ವಾಲ್ ನಿಯಮಗಳ ಪಟ್ಟಿ ನೋಡಿ ಬೇಕಾದಷ್ಟನ್ನೇ ತೆರೆಯುವುದು ಅದರ ಪದ್ಧತಿ. ಇವತ್ತು ಜಡಿದುಕೊಂಡಿತ್ತು, ಪಟ್ಟಿಯನ್ನು ಮಾತ್ರ ಒಪ್ಪದೆ ಮುಖಕ್ಕೆ ಎಸೆದಿತ್ತು. ರಕ್ತಪರೀಕ್ಷೆಯ ಒಂದು ರಿಪೋರ್ಟೂ ವಾರ್ಡಿಗೆ ಹೋಗಿರಲಿಲ್ಲ.

ತಪ್ಪು ಯಾರದೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಿನ್ನೆ ಸಂಜೆ ಸರ್ವರ್ ನಡೆಸುವ ತಂತ್ರಾಂಶ ಲಿನಕ್ಸಿನ ಹೊಸ ಆವೃತ್ತಿ ಹಾಕಿದವಳು ವೈರು. ಪಟ್ಟಿಗೆ ಎರಡು ಸಾಲು ಸೇರಿಸಿದವಳೂ ಅವಳೇ. ಸದಾ ಕೊರಳಿಗೊಂದು ಕೇಬಲ್ ನೇತುಹಾಕಿಕೊಂಡು ಓಡಾಡುತ್ತಿದ್ದುದಕ್ಕೆ ಆ ಹೆಸರು ಬಿದ್ದಿತ್ತು. ಅವಳ ಆರು ತಿಂಗಳ ಪ್ರೊಬೇಷನ್ ಇವತ್ತಿಗೆ ಮುಗಿಯುತ್ತಿತ್ತು. ಕೆಲಸ ಖಾಯಂ ಮಾಡುವ ಕಾಗದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಕೈಯಲ್ಲಿತ್ತು. ಸಹಿ ಹಾಕುವ ಬದಲು ಅದರಿಂದ ಗಾಳಿ ಬೀಸಿಕೊಳ್ಳುತ್ತ ಅವರು ಅವಳ ಬೆನ್ನ ಹಿಂದೆ ನಿಂತಿದ್ದರು.

“ನಿನ್ನ ಎರಡು ಸಾಲೇ ಕಣಮ್ಮ. ಮುಟ್ಟಿದೋರು ತಾನೇ ಕೆಡಿಸೋದು?”

ವೈರು ತನ್ನ ಎರಡೂ ಸಾಲು ಅಳಿಸಿ ಪಟ್ಟಿಯನ್ನು ಮತ್ತೆ ಕೊಟ್ಟಳು. ಸರ್ವರ್ ಮತ್ತೆ ಉಗಿಯಿತು: ಕೊನೆಯ ಸಾಲು ತಪ್ಪು. ಕೊನೆಯ ಸಾಲಿನಲ್ಲಿ ಇದ್ದದ್ದು ‘ಜಾರಿ ಮಾಡು’ ಎಂಬ ಆಜ್ಞೆ ಮಾತ್ರ. ಹಿಂದಿನ ಬೆಂಚಿನಲ್ಲಿ ಯಾರೋ ಕಿತಾಪತಿ ಮಾಡಿದರೆ ಬಾಗಿಲ ಬಳಿ ನಿಂತವನ ಕಿವಿ ಹಿಂಡುವ ಮೇಷ್ಟರ ಜಾತಿ ಈ ಸರ್ವರ್.

ಲ್ಯಾಬಿನ ಅಕ್ಕ ಬಾಗಿಲಲ್ಲಿ ಇಣುಕಿದಳು. “ಏನೇ ವೈರು, ಇನ್ನೂ ಆಗ್ಲಿಲ್ವಾ? ರಿಪೋರ್ಟು ಕೈಯಲ್ಲಿ ಬರೆದೂ ಬರೆದೂ ನನ್ನ ಬೆರಳು ಬಿದ್ದೋಗ್ತಿದೆ.”

“ಎರಡೇ ನಿಮಿಷ ಅಕ್ಕಾ.”

“ಆ ಎರಡು ನಿಮಿಷ ಶುರುವಾಗಿ ಒಂದು ಗಂಟೆ ಆಯ್ತು,” ಎಂದು ಅಕ್ಕ ಅಲ್ಲೇ ಸ್ಟೂಲು ಎಳೆದುಕೊಂಡು ಕೂತಳು.

ವೈರು ಪಟ್ಟಿಯನ್ನು ಎರಡು ಹೋಳು ಮಾಡಿ ಬೇರೆಬೇರೆಯಾಗಿ ಕೊಟ್ಟಳು. ಮೇಲಿನದನ್ನು ಸರ್ವರ್ ಒಪ್ಪಿತು, ಕೆಳಗಿನದನ್ನು ಒಪ್ಪಲಿಲ್ಲ. ಒಪ್ಪದ ಹೋಳನ್ನು ಮತ್ತೆ ಸೀಳಿದಳು. ಹೋಳು ಚಿಕ್ಕದಾದಂತೆ ಬೆನ್ನ ಹಿಂದೆ ಕಾಗದದ ಗಾಳಿ ಜೋರಾಯಿತು, ಆಮೇಲೆ ನಿಂತೇಹೋಯಿತು.

“ಸಾಕು ಬಿಡಮ್ಮ,” ಎಂದರು ಮುಖ್ಯಸ್ಥರು. “ಹಳೇ ಲಿನಕ್ಸೇ ವಾಪಸ್ ಹಾಕಿಬಿಡು.”

“ಇನ್ನು ಮೂರೇ ಸಾಲು ಸರ್.”

ಸಿಕ್ಕಿತು. ಇಪ್ಪತ್ತೊಂಬತ್ತನೆಯದು. ಮುಖ್ಯಸ್ಥರ ಮೇಜಿನ ಕಂಪ್ಯೂಟರಿನಿಂದ ಒಂದು ಚೆಸ್ ಸೈಟಿಗೆ ದಾರಿ; ಅದೂ ಮಧ್ಯಾಹ್ನ ಒಂದರಿಂದ ಎರಡರವರೆಗೆ ಮಾತ್ರ. ಗಂಟೆ ನೋಡಿ ಬಾಗಿಲು ತೆರೆಯುವ ಭಾಗ ಹೊಸ ಲಿನಕ್ಸಿನಲ್ಲಿ ಸೇರಿರಲಿಲ್ಲ. ಅರ್ಥವಾಗದ ಆ ಒಂದು ಸಾಲಿಗಾಗಿ ಸರ್ವರ್ ಇಡೀ ಪಟ್ಟಿಯನ್ನೇ ತಳ್ಳಿಹಾಕಿತ್ತು. ಪಾಪ, ನಿಯತ್ತಿನ ಮನುಷ್ಯ. ಊಟದ ಬಿಡುವಿನಲ್ಲಷ್ಟೇ ಕದ್ದು ಆಡುತ್ತಿದ್ದರು. ದಿನವಿಡೀ ಆಡುವವರಾಗಿದ್ದರೆ ಸರ್ವರ್ ತುಟಿಪಿಟಕ್ಕೆನ್ನದೆ ಒಪ್ಪುತ್ತಿತ್ತು.

“ಸರ್, ಗಟ್ಟಿಯಾಗಿ ಓದ್ಲಾ?”

“ಮನಸ್ಸಲ್ಲೇ ಓದ್ಕೊ.”

“ಏನಂತೆ, ಏನಂತೆ?” ಅಕ್ಕನ ಸ್ಟೂಲು ಮುಂದೆ ಸರಿಯಿತು.

“ಸಮಯದ ಮಿತಿ ತೆಗೆದುಬಿಟ್ರೆ ಸರಿಹೋಗುತ್ತೆ ಸರ್. ದಿನಪೂರ್ತಿ ತೆರೆದಿರುತ್ತೆ.”

“ಛೆ ಛೆ, ಆಫೀಸು ಟೈಮಲ್ಲಿ ತಪ್ಪಾಗುತ್ತೆ.”

“ಹಾಗಾದ್ರೆ ಸಾಲೇ ತೆಗೀತೀನಿ.”

ಮುಖ್ಯಸ್ಥರು ಬಗ್ಗಿ ಪಿಸುಗುಟ್ಟಿದರು: “ನಿನ್ನೆ ಆಟ ಅರ್ಧಕ್ಕೆ ನಿಂತಿದೆ ಕಣಮ್ಮ. ಇವತ್ತು ನಡೆ ಇಡದಿದ್ರೆ ಸೋತ ಹಾಗೆ.”

ವೈರು ಸಾಲು ತೆಗೆದು, ತನ್ನ ಎರಡು ಸಾಲು ಮತ್ತೆ ಸೇರಿಸಿ ಪಟ್ಟಿ ಕೊಟ್ಟಳು. ಸರ್ವರ್ ಸುಮ್ಮನೆ ನುಂಗಿತು. ಪಕ್ಕದ ಕೋಣೆಯಲ್ಲಿ ಪ್ರಿಂಟರ್ ಕಿರುಗುಟ್ಟಿತು. ಅಕ್ಕ ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಹೋದಳು.

“ಆ ಗಂಟೆ ನೋಡೋ ಭಾಗ,” ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು, “ಮಧ್ಯಾಹ್ನ ಒಂದು ಗಂಟೆ ಒಳಗೆ ಹಾಕ್ಬಹುದಾ?”

“ಅಯ್ಯೋ, ಪ್ರೊಬೇಷನ್‌ನಲ್ಲಿ ಇರೋರು ಅಂಥ ದೊಡ್ಡ ಕೆಲಸಕ್ಕೆ ಕೈ ಹಾಕ್ಬಾರ್ದು ಸರ್. ಮುಟ್ಟಿದೋರು ತಾನೇ ಕೆಡಿಸೋದು?”

ಮುಖ್ಯಸ್ಥರು ಕಾಗದವನ್ನು ಮೇಜಿನ ಮೇಲಿಟ್ಟು, ಅದರ ಸುಕ್ಕನ್ನು ಅಂಗೈಯಿಂದ ನೀವಿ, ಜೇಬಿನಲ್ಲಿ ಪೆನ್ನು ತಡಕಾಡಿದರು.