ಧನಂಜಯರ ಐದು ಕಿಲೋಮೀಟರು

ಧನಂಜಯರನ್ನು ನಾನು ಬಹಳ ಕಾಲ ಮಹಾ ದೈವಭಕ್ತರೆಂದೇ ನಂಬಿದ್ದೆ. ನಂಬದೆ ಏನು ಮಾಡಲಿ? ಸಕ್ಕರೆ ಕಾಯಿಲೆಯ ಡಾಕ್ಟರರ ಆಜ್ಞೆಯಂತೆ ದೋಹಾದ ಕಾರ್ನಿಷಿನಲ್ಲಿ, ಅಂದರೆ ಕಡಲಿನ ಅಂಚಿಗೆ ಹಾಸಿದ ಕಲ್ಲಿನ ಕಾಲುದಾರಿಯಲ್ಲಿ, ಶುಕ್ರವಾರದ ಮುಂಜಾನೆ ಕಾಲೆಳೆಯುತ್ತ ಹೋಗುವ ನನಗೆ ಪ್ರತಿ ವಾರವೂ ಅದೇ ದರ್ಶನ: ಖರ್ಜೂರದ ಮರದಿಂದ ಆಚೆ, ಬಯಲಿನಲ್ಲಿ, ನಮ್ಮ ಕಟ್ಟಡದಲ್ಲೇ ಇರುವ, ತುಸು ಹೊಟ್ಟೆಯ ಈ ಗೃಹಸ್ಥರು ಪೂರ್ವಾಭಿಮುಖರಾಗಿ ನಿಂತು, ಎಡಗೈಯನ್ನು ಆಕಾಶಕ್ಕೆತ್ತಿ, ಕಣ್ಣು ಕಿರಿದು ಮಾಡಿ, ತುಟಿ ಅಲುಗಿಸುತ್ತಿದ್ದರು. ಪರದೇಶದಲ್ಲೂ ಇಂಥ ನಿಷ್ಠೆಯೇ ಎಂದು ನಾನು ಟೋಪಿ ತೆಗೆದು ದೂರದಿಂದಲೇ ದಾಟಿ ಹೋಗುತ್ತಿದ್ದೆ. ಒಂದು ದಿನ ಕುತೂಹಲ ತಡೆಯಲಾರದೆ ಹತ್ತಿರ ಹೋಗಿ ಕೈಮುಗಿದು, "ಯಾವ ವ್ರತ ಸಾರ್?" ಎಂದು ಕೇಳಿದೆ.

"ಸ್ಯಾಟಲೈಟ್ ಸಿಗ್ತಾ ಇಲ್ಲ. ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದರು.

ಕೈಯಲ್ಲಿದ್ದುದು ಓಟಗಾರರ ಗಡಿಯಾರ. ಅದು ಆಕಾಶದ ಉಪಗ್ರಹಗಳನ್ನು ಹುಡುಕಿ, ಎಲ್ಲಿದ್ದೇನೆಂದು ತಿಳಿದುಕೊಂಡ ಮೇಲೆಯೇ ಧನಂಜಯರು ಹೆಜ್ಜೆ ಎತ್ತುವುದು. ತುಟಿ ಅಲುಗುತ್ತಿದ್ದುದು ಮಂತ್ರಕ್ಕಲ್ಲ; ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಮೈಸೂರಿನ ಹೆಂಡತಿಯೊಡನೆ ಮಾತು. "ರೆಡಿನಾ? ಶುರು" ಎಂದು ಅಲ್ಲಿಗೆ ಹೇಳಿ, ಫೋನು ಜೇಬಿಗಿಳಿಸಿ, ಇಲ್ಲಿ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಓಡಿಬಿಟ್ಟರು.

ಅಳತೆಯೆಂಬುದು ಅವರ ಉದ್ಯೋಗವೂ ಹೌದು, ಧರ್ಮವೂ ಹೌದು. ಅನಿಲದ ಪೈಪುಗಳ ಒತ್ತಡ ತೋರಿಸುವ ಮಾಪಕಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯಲ್ಲಿ ಅವರು ಹಿರಿಯ ಅಧಿಕಾರಿ. ಜೂನ್ ತಿಂಗಳ ಕುಲುಮೆಯಂಥ ಬಿಸಿಲಿನಲ್ಲೂ ಕಚೇರಿಯ ನೀಲಿ ಜಾಕೆಟ್ಟನ್ನು ಕುತ್ತಿಗೆಯವರೆಗೆ ಜಿಪ್ಪು ಎಳೆದು ಧರಿಸುವ ಈ ಮನುಷ್ಯ, ನೀವು "ಹತ್ತು ನಿಮಿಷದಲ್ಲಿ ಬರ್ತೀನಿ" ಎಂದರೆ ಹುಬ್ಬು ಗಂಟಿಕ್ಕಿ "ಅಂದಾಜಿಗೆ ಹೇಳ್ಬೇಡಿ" ಎನ್ನುತ್ತಾರೆ. ಮನೆಯ ತಕ್ಕಡಿಗೂ ಜ್ವರ ನೋಡುವ ಥರ್ಮಾಮೀಟರಿಗೂ ಕಚೇರಿಯ ಹಸಿರು ಚೀಟಿ ಅಂಟಿಸಿ, ಮುಂದಿನ ತಪಾಸಣೆಯ ದಿನಾಂಕ ಬರೆದಿದ್ದರು. ಚೀಟಿ ಅಂಟದೆ ಉಳಿದವಳು ನಾನೊಬ್ಬಳೇ ಎಂದು ಅವರ ಹೆಂಡತಿ ವತ್ಸಲಾ ನನ್ನ ಹೆಂಡತಿಯ ಬಳಿ ಹೇಳಿದ್ದರಂತೆ.

ಅವರ ನಡಿಗೆಯನ್ನು ನೋಡಬೇಕು. ಎದೆ ಮುಂದೆ, ಗದ್ದ ಅದಕ್ಕಿಂತ ಮುಂದೆ, ಹೆಂಡತಿ ಬಹಳ ಹಿಂದೆ. ಸೂಕ್ ವಾಕಿಫ್ ಎಂಬ ಹಳೆಯ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ವತ್ಸಲಾ ಅವರು ಹಕ್ಕಿ ಮಾರುವ ಕಡೆ ನಿಂತು ಗಿಣಿಯೊಂದನ್ನು ಮಾತಾಡಿಸುವಷ್ಟರಲ್ಲಿ ಇವರು ಮಸಾಲೆ ಅಂಗಡಿಗಳ ಸಾಲನ್ನೇ ದಾಟಿರುತ್ತಿದ್ದರು. ಒಮ್ಮೆ, ಪಕ್ಕದಲ್ಲಿ ಹೆಂಡತಿಯೇ ಇದ್ದಾಳೆಂದು ತಿಳಿದು, ಕೇಸರಿಯ ಬೆಲೆ, ಕಲಬೆರಕೆ, ಅದನ್ನು ಕಂಡುಹಿಡಿಯುವ ವಿಧಾನ ಎಲ್ಲವನ್ನೂ ಕನ್ನಡದಲ್ಲಿ ವಿವರಿಸಿ ತಿರುಗಿ ನೋಡಿದರೆ, ಬಿಳಿ ನಿಲುವಂಗಿಯ ಕತಾರಿ ಹಿರಿಯರೊಬ್ಬರು ತಾಳ್ಮೆಯಿಂದ ತಲೆದೂಗುತ್ತಿದ್ದರು.

ಮಗಳು ಅಮೂಲ್ಯಾಳ ಹತ್ತನೆಯ ತರಗತಿ ಮುಗಿದದ್ದೇ, ಇಲ್ಲಿನ ಅನೇಕ ಸಂಸಾರಗಳಿಗೆ ಆಗುವಂತೆ ಇವರಿಗೂ ಆಯಿತು. ಪಿಯುಸಿಗೆಂದು ತಾಯಿ ಮಗಳು ಮೈಸೂರಿಗೆ ಹೋದರು. ಧನಂಜಯರು ಮನೆ ಖಾಲಿ ಮಾಡಿ, ಬಿನ್ ಮಹಮೂದ್ ಬಡಾವಣೆಯ ನಮ್ಮ ಹಳೆಯ ಕಟ್ಟಡದಲ್ಲಿ ಒಂದು ಕೋಣೆ ಹಿಡಿದರು. ಅರ್ಧ ಆಯುಷ್ಯ ಸಂಸಾರ ಮಾಡಿದವರನ್ನೂ ಈ ಊರು ಒಂದೇ ವಿಮಾನದ ಹೊತ್ತಿನಲ್ಲಿ ಬ್ಯಾಚುಲರ್ ಎಂದು ಕರೆದುಬಿಡುತ್ತದೆ. ಮೊದಲ ವಾರಗಳಲ್ಲಿ ನಾನು ಕಂಡದ್ದೊಂದು ಉಂಟು: ಬೀದಿಯಲ್ಲಿ ಎಂದಿನಂತೆ ಬಿರುಸಾಗಿ ಹೋಗುತ್ತಿದ್ದವರು ತಿರುವಿನಲ್ಲಿ ಥಟ್ಟನೆ ನಿಂತು ಹಿಂದಿರುಗಿ ನೋಡುತ್ತಿದ್ದರು. ಹಿಂದೆ ಯಾರೂ ಇರುತ್ತಿರಲಿಲ್ಲ. ಗಡಿಯಾರ ನೋಡಿಕೊಂಡಂತೆ ನಟಿಸಿ ಮುಂದೆ ಹೋಗುತ್ತಿದ್ದರು.

ಜೊತೆಯಾಗಿ ಓಡುವ ಯೋಚನೆ ವತ್ಸಲಾ ಅವರದು. ದಿನವೂ ಫೋನಿನಲ್ಲಿ ಬರುವುದು ಕಾಲೇಜಿನ ಫೀಜು, ನಲ್ಲಿಯ ರಿಪೇರಿ, ಗ್ಯಾಸಿನ ಸಿಲಿಂಡರು. ಇವುಗಳ ನಡುವೆ ಗಂಡನೆಂಬವನು ಸಿಗುವುದೇ ಇಲ್ಲ. ಆದ್ದರಿಂದ ಶುಕ್ರವಾರ ನಮ್ಮ ಐದೂವರೆಗೆ, ಅಂದರೆ ಅಲ್ಲಿನ ಎಂಟಕ್ಕೆ, ಅವರು ಕುಕ್ಕರಹಳ್ಳಿ ಕೆರೆಯ ಸುತ್ತ, ಇವರು ಕಾರ್ನಿಷಿನಿಂದ ವೆಸ್ಟ್ ಬೇಯ ಗಾಜಿನ ಗೋಪುರಗಳ ನಡುವೆ, ಒಂದೇ ಅಂಗಡಿಯಲ್ಲಿ ಕೊಂಡ ಜೋಡಿ ಗಡಿಯಾರ ಕಟ್ಟಿಕೊಂಡು ಐದು ಕಿಲೋಮೀಟರು ಓಡುವುದು. ಆಮೇಲೆ ಅವರೊಂದು ಬೆಂಚಿನಲ್ಲಿ, ಇವರೊಂದು ಬೆಂಚಿನಲ್ಲಿ ಕೂತು ಮಾತಾಡುವುದು. ಸಿಲಿಂಡರಿನ ವಿಷಯ ಎತ್ತಕೂಡದು.

ಇದರಲ್ಲಿ ಧನಂಜಯರದೇ ಸದಾ ಗೆಲುವು. ಗಡಿಯಾರ ಐದು ಎಂದು ಗುಂಯ್‌ಗುಟ್ಟಿದ ಕ್ಷಣವೇ ಅವರು ಫೋನು ಮಾಡುತ್ತಿದ್ದರು. ಆ ಕಡೆ ಏದುಸಿರು. "ಏನು, ಇನ್ನೂ ನಾಲ್ಕರಲ್ಲೇ ಇದ್ದೀಯಾ?" ಎಂದು ನಗುತ್ತಿದ್ದರು. ಐವತ್ತರ ಗಡಿಯಲ್ಲಿ ಈ ವೇಗವೇ ಎಂದು ಪರಿಚಿತರು ಬೆರಗಾದರು. ಕನ್ನಡ ಸಂಘದವರು ಕರೆಸಿ ಶಾಲು ಹೊದಿಸಿದರು. ಇವರು 'ಶಿಸ್ತು ಮತ್ತು ಶರೀರ' ಎಂಬ ವಿಷಯದ ಮೇಲೆ ಊಟ ಆರಿ ತಣ್ಣಗಾಗುವವರೆಗೆ ಉಪನ್ಯಾಸ ಮಾಡಿದರು.

ಹೀಗಿರಲು ಒಂದು ಸಂಜೆ ನಮ್ಮ ಬಾಗಿಲಲ್ಲಿ ಜಾಕೆಟ್ಟಿನ ಜಿಪ್ಪು ಅರ್ಧ ಬಿಚ್ಚಿ ನಿಂತಿದ್ದರು. ಏನೋ ಅನಾಹುತವೆಂದು ಆಗಲೇ ತಿಳಿಯಿತು.

"ಅವಳು ಬರಲ್ವಂತೆ," ಎಂದರು.

"ರಜೆಗೆ ಬರೋ ಟಿಕೆಟ್ ಕ್ಯಾನ್ಸಲ್ ಆಯ್ತಾ?"

"ಅದಲ್ಲ ಸ್ವಾಮಿ. ಓಡೋದಕ್ಕೆ. ಇನ್ಮೇಲೆ ನೀವೊಬ್ಬರೇ ಓಡಿ, ನಾನು ಬರಲ್ಲ ಅಂದ್ಳು. ಜೊತೇಲಿ ಮಾಡೋದು ಇದೊಂದು, ಇದರಲ್ಲೂ ನಾನು ಹಿಂದೇನೇ ಅಂದ್ಳು."

ಅಂದು ನನ್ನ ಹೆಂಡತಿ ಕೊಟ್ಟ ಚಹಾವನ್ನು ಅವರು ಸಕ್ಕರೆ ಎಷ್ಟು ಚಮಚವೆಂದು ಕೇಳದೆ ಕುಡಿದರು. ಮುಂದಿನ ಶುಕ್ರವಾರ ಒಬ್ಬರೇ ಓಡಲು ಹೋಗಿ, ಅರ್ಧದಲ್ಲೇ ಮರಳಿ, ಹಳೆಯ ಓಟಗಳನ್ನಾದರೂ ನೋಡೋಣವೆಂದು ಫೋನಿನಲ್ಲಿ ನಕ್ಷೆ ತೆರೆದರು. ಗಡಿಯಾರ ತಾನು ಕಂಡ ದಾರಿಯನ್ನು ಕೆಂಪು ಗೆರೆಯಲ್ಲಿ ಬರೆದಿಡುತ್ತದಷ್ಟೆ. ಇಷ್ಟು ದಿನ ಅವರು ಅಂಕಿ ನೋಡಿದ್ದರೇ ಹೊರತು ಗೆರೆ ನೋಡಿರಲಿಲ್ಲ. ಆ ಗೆರೆಯ ಪ್ರಕಾರ ಧನಂಜಯರು ಸಮುದ್ರದ ಮೇಲೆ ಕೆಲದೂರ ನಡೆದು, ಬ್ಯಾಂಕಿನ ಕಟ್ಟಡವೊಂದರ ಗೋಡೆ ತೂರಿ, ಎದುರಿನ ಹೋಟೆಲಿನೊಳಗೆ ಹೋಗಿ, ಮತ್ತೆ ಸಮುದ್ರಕ್ಕೆ ಇಳಿದಿದ್ದರು. ಉಪಗ್ರಹದ ಸಂಕೇತ ಗಾಜಿನ ಗೋಪುರಗಳಿಗೆ ಬಡಿದು, ನಾಲ್ಕು ಬಾಯಿ ಸುತ್ತಿ ಬಂದ ಸುದ್ದಿಯಂತೆ ಬೆಳೆದು ಕೈಗೆ ಸೇರುತ್ತಿತ್ತು. ನೆಟ್ಟಗೆ ಓಡಿದ ಮನುಷ್ಯ ಸೊಟ್ಟಗೆ ಓಡಿದನೆಂದು ತಿಳಿದು ಗಡಿಯಾರ ದೂರವನ್ನು ಉಬ್ಬಿಸಿ ಬರೆಯುತ್ತಿತ್ತು.

ಪರೀಕ್ಷಿಸದೆ ಒಪ್ಪುವವರಲ್ಲ ಅವರು. ಅಲ್ ಖೋರಿನಲ್ಲಿ ಕಂಪನಿಯ ಮನೆಯಲ್ಲಿರುವ ಪುತ್ತೂರಿನ ಸಂಕಪ್ಪನವರ ವಠಾರದ ಹಿಂದೆ ಓಟದ ಅಂಕಣವೊಂದಿದೆ. ಸುತ್ತ ಗೋಪುರವಿಲ್ಲ, ಗಿಡವಿಲ್ಲ, ಬರೀ ಆಕಾಶ. ಐದು ಕಿಲೋಮೀಟರು ಸರಿಯಾಗಿ ಓಡುವುದಕ್ಕೋಸ್ಕರ ಐವತ್ತು ಕಿಲೋಮೀಟರು ಕಾರಿನಲ್ಲಿ ಹೋದೆವು. ಸಾಕ್ಷಿಯಾಗಿ ನಾನು. ಬಿಳಿ ಗೆರೆ ಹಿಡಿದು ಸುತ್ತಿ ಸುತ್ತಿ ಓಡಿದರು. ಆ ದಿನ ಗಡಿಯಾರ ನಿಜ ಹೇಳಿತು, ಮತ್ತು ನಿಜ ಹೇಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಿತು. ಕೊನೆಯ ಸುತ್ತಿಗೆ ಧನಂಜಯರು ಓಡುತ್ತಿದ್ದಾರೋ ನಡೆಯುತ್ತಿದ್ದಾರೋ ಎಂಬುದು ಜಿಜ್ಞಾಸೆಯ ವಿಷಯವಾಗಿತ್ತು.

"ಅಲ್ಲ ಮಾರಾಯ್ರೆ," ಎಂದರು ಸಂಕಪ್ಪ, ನೀರಿನ ಬಾಟಲಿ ಚಾಚುತ್ತ, "ಸಂಘದಲ್ಲಿ ಕೊಟ್ಟ ಆ ಭಾಷಣ ಈಗ ಎಂತ ಮಾಡುದು? ವಾಪಸ್ ತಕ್ಕೊಳ್ಳಿಕ್ಕೆ ಆಗ್ತದಾ?"

"ಶಾಲು ಬೇಕಾದ್ರೆ ಕೊಡ್ತೀನಿ," ಎಂದರು ಧನಂಜಯ. ಅವರು ಹಾಸ್ಯ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಹಾಸ್ಯವೋ ಅಲ್ಲವೋ ಈಗಲೂ ತಿಳಿಯದು.

ಒದ್ದೆ ಕೈಯಿಂದ ಫೋನು ಜಾರುತ್ತಿತ್ತೆಂದು ಬೆಂಚಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಮೈಸೂರಿಗೆ ಕರೆ ಮಾಡಿದರು.

"ವತ್ಸಲಾ, ಒಂದು ಟೆಕ್ನಿಕಲ್ ವಿಷಯ."

"ಹೇಳಿ."

"ಇಲ್ಲಿ ಬಿಲ್ಡಿಂಗ್ ಜಾಸ್ತಿ, ನನ್ನ ವಾಚು ದೂರ ಜಾಸ್ತಿ ತೋರಿಸ್ತಿತ್ತು. ನಿನ್ನ ಕಡೆ ಮರ ಜಾಸ್ತಿ, ನಿನ್ನ ವಾಚು ತಿರುವುಗಳನ್ನೆಲ್ಲ ನುಂಗಿ ದೂರ ಕಮ್ಮಿ ತೋರಿಸಿರುತ್ತೆ. ನಾನು ಐದು ಓಡ್ತಾನೇ ಇರ್ಲಿಲ್ಲ. ನೀನು ಐದಕ್ಕಿಂತ ಜಾಸ್ತಿ ಓಡ್ತಿದ್ದೆ."

"ಎಷ್ಟು ಜಾಸ್ತಿ?"

"ಅಂದಾಜು... ಗೊತ್ತಿಲ್ಲ ಕಣೇ."

ಆ ಕಡೆ ಕುಕ್ಕರು ಒಮ್ಮೆ ಕೂಗಿ ಸುಮ್ಮನಾಯಿತು.

"ವಾಚು ತಪ್ಪು ತೋರಿಸಿದ್ದಕ್ಕೆ ನಂಗೆ ಬೇಜಾರಿಲ್ಲ ರೀ. ನಾನಿನ್ನೂ ದಾರೀಲಿರುವಾಗ್ಲೇ ಫೋನ್ ಮಾಡಿ ಮುಗೀತಾ ಅಂತೀರಲ್ಲ, ಅದಕ್ಕೆ."

"ಮತ್ತೆ ನಾನೇನು ಮಾಡ್ಲಿ?"

"ಕಾಯಿರಿ."

ಸಂಕಪ್ಪನವರು ಬಿಗಿಯಾಗಿಯೇ ಇದ್ದ ತಮ್ಮ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳತೊಡಗಿದರು. ನಾನು ಆಕಾಶ ನೋಡಿದೆ. ಧನಂಜಯರು ಉತ್ತರ ಕೊಡುವುದಕ್ಕೆ ತೆಗೆದುಕೊಂಡ ಸಮಯವನ್ನು ಯಾರೂ ಅಳೆಯಲಿಲ್ಲ. "ಹೂಂ," ಎಂದರು ಕೊನೆಗೆ, "ಶುಕ್ರವಾರ ಬಾ ಹಾಗಾದ್ರೆ."

ಅಳೆಯುವವರದೇ ಒಂದು ಜಾತಿ. ಅವರನ್ನು ಒಣ ಮನುಷ್ಯರೆಂದು ನಾವು ನಗುತ್ತೇವೆ. ನಾನಂತೂ ಅವರ ಕತೆ ಹೇಳಿ ನಗಿಸಿಯೇ ಎರಡು ಹೊತ್ತು ಊಟ ಮಾಡಿದ್ದೇನೆ. ಆದರೆ ಈ ಮರಳುನಾಡಿನಲ್ಲಿ ಅಳೆಯದ ನಮ್ಮವರು ಯಾರಿದ್ದಾರೆ? ರಜೆಗೆ ಉಳಿದ ದಿನ, ಸೂಟ್‌ಕೇಸಿನ ತೂಕ, ಮಗಳು ಫೋಟೋದಿಂದ ಫೋಟೋಕ್ಕೆ ಬೆಳೆದ ಎತ್ತರ. ಬೇಕೆನ್ನಿಸಿದ್ದನ್ನು ಬೇಕೆಂದು ಹೇಳಲು ಬಾರದವರು ಅದು ಎಷ್ಟು ದೂರವಿದೆಯೆಂದು ಮಾತ್ರ ಹೇಳುತ್ತಾರೆ, ಅದನ್ನೂ ಆಗಾಗ ತಪ್ಪಾಗಿ. ಅಂಥವರ ಅಂಕಿಗಳನ್ನು ಕೇಳುವಾಗ ಅಂಕಿಯನ್ನಷ್ಟೇ ಕೇಳಿಸಿಕೊಳ್ಳುವುದು ನಮ್ಮ ಕಿವಿಯ ದೋಷ.

ನನ್ನ ಕಿವಿಯ ದೋಷ ವಾಸಿಯಾಗಿಲ್ಲ. ಮೊನ್ನೆ ಶುಕ್ರವಾರ ಕಾರ್ನಿಷಿನ ಕಲ್ಲುಬೆಂಚಿನ ಮೇಲೆ ಧನಂಜಯರು ಕೂತಿದ್ದರು. ಬೆವರು ಆರಿತ್ತು, ಫೋನು ತೊಡೆಯ ಮೇಲಿತ್ತು, ದೋಣಿಗಳು ದಡದಲ್ಲಿ ಅಲ್ಲಾಡುತ್ತಿದ್ದವು. ಎಲ್ಲ ಗೊತ್ತಿದ್ದೂ ನನ್ನ ಬಾಯಿ ಸುಮ್ಮನಿರಲಿಲ್ಲ.

"ಏನ್ ಸಾರ್, ಇವತ್ತು ಓಡ್ತಾ ಇಲ್ವಾ?"

"ಓಡ್ತಾ ಇದ್ದೀವಲ್ರೀ," ಎಂದರು ಫೋನಿನಿಂದ ಕಣ್ಣು ತೆಗೆಯದೆ. "ಅವಳಿನ್ನೂ ಕೆರೆ ಏರಿ ಮೇಲಿದ್ದಾಳೆ."