ಬಂದು ಹೋಗಲಿ ಎಂದು ಕಳಿಸಿದ ಮಗು

ಬಡಗಿಯ ಮಗಳ ಮೈಮೇಲೆ ಸೀತಾಳೆ ಸಿಡುಬು, ಅದೇ ಚಿಕನ್ ಪಾಕ್ಸ್, ಎದ್ದಿದೆ ಎಂದು ತಿಳಿದದ್ದೇ ತಡ, ಬೀದಿಯ ತಾಯಂದಿರೆಲ್ಲ ಮಕ್ಕಳನ್ನು ಒಳಗೆ ಎಳೆದುಕೊಂಡರು. ಟೈಲರಮ್ಮನ ಅತ್ತೆ ಮಾತ್ರ ಐದು ವರ್ಷದ ಮೊಮ್ಮಗನನ್ನು ಕರೆದೊಯ್ದು, ಮಧ್ಯಾಹ್ನವಿಡೀ ಆ ಮಗುವಿನ ಜೊತೆ ಆಡಲು ಬಿಟ್ಟರು.

"ಚಿಕ್ಕವನಿದ್ದಾಗಲೇ ಬಂದು ಹೋಗ್ಲಿ. ಆಮೇಲೆ ಜನ್ಮಕ್ಕೆ ಕಾಟ ಇರಲ್ಲ," ಎಂದರು.

ಟೈಲರಮ್ಮನಿಗೆ ಸರಿ ಕಾಣಲಿಲ್ಲ. ಆದರೂ ಬಾಯಿಗೆ ಬೀಗ ಹಾಕಿಕೊಂಡು ಸಮವಸ್ತ್ರ ಹೊಲಿಯುತ್ತಾ ಕೂತಳು.

ಮರುದಿನ ಆರೋಗ್ಯ ಕೇಂದ್ರದ ನರ್ಸ್ ರವಿಕೆಯ ಅಳತೆ ಕೊಡಲು ಬಂದಾಗ ಮಾತಿನ ನಡುವೆ ವಿಷಯ ಹೊರಬಿತ್ತು. ನರ್ಸ್ ಎತ್ತಿದ್ದ ಕೈ ಇಳಿಸಿದಳು.

"ಯಾವತ್ತು ಕಳಿಸಿದ್ರಿ?"

"ನಿನ್ನೆ. ಸಂಜೆ ನಮ್ಮ ಮಗಳು ಹೋಗಿ ತಮ್ಮನ್ನ ಕರ್ಕೊಂಡು ಬಂದ್ಲು. ಅವಳೂ ಒಂದು ಗಂಟೆ ಅಲ್ಲೇ ಕೂತಿದ್ಲಂತೆ."

"ಅವಳಿಗೆ ಹದಿನಾಲ್ಕು ಅಲ್ವಾ? ಹಿಂದೆ ಬಂದಿತ್ತಾ? ಲಸಿಕೆ?"

"ಎರಡೂ ಇಲ್ಲ ಸಿಸ್ಟರ್. ಚಿಕ್ಕವನಿಗೆ ಮಾತ್ರ ಒಂದು ಡೋಸ್ ಆಗಿದೆ."

ಹೇಳುತ್ತಾ ಟೈಲರಮ್ಮ ಕೈಯಲ್ಲಿದ್ದ ಅಳತೆ ಟೇಪು ಕೆಳಗಿಟ್ಟಳು. ಅವಳ ಸ್ವಂತ ತಮ್ಮನಿಗೆ ಹದಿನೇಳನೇ ವಯಸ್ಸಿನಲ್ಲಿ ಇದೇ ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಅವನ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತವಳು ಇವಳು. ಅಂಥವಳು ನಿನ್ನೆ ಸುಮ್ಮನಿದ್ದಳು.

ಅತ್ತೆ ಒಳಗಿನಿಂದಲೇ ಅಂದರು, "ಹೆದರಿಸ್ಬೇಡಿ ಸಿಸ್ಟರ್. ನಮಗೆಲ್ಲ ಬಂದು ಹೋಗಿಲ್ವಾ? ನಾವು ಬದುಕಿಲ್ವಾ?"

"ಬದುಕಿದೋರು ಹೇಳ್ತೀರಿ ಅಜ್ಜಿ. ಹೋದೋರು ಬಂದು ಹೇಳ್ತಾರಾ? ಈಜು ಕಲೀಲಿ ಅಂತ ಮೊಮ್ಮಗನ್ನ ಬಾವಿಗೆ ತಳ್ತೀರಾ?"

"ಚುಚ್ಚಿಸ್ಕೊಂಡೋರಿಗೂ ಬರುತ್ತಂತಲ್ಲ. ಮತ್ಯಾಕೆ ಆ ಸೂಜಿ?"

"ಬರಬಹುದು, ಇಲ್ಲ ಅನ್ನಲ್ಲ. ಒಂದು ಡೋಸ್ ಹಾಕಿಸಿದ್ರೆ ನೂರರಲ್ಲಿ ಸುಮಾರು ಎಂಬತ್ತು ಮಕ್ಕಳು ಪಾರು. ಎರಡು ಹಾಕಿಸಿದ್ರೆ ತೊಂಬತ್ತಕ್ಕಿಂತ ಜಾಸ್ತಿ. ಬಂದ್ರೂ ನಾಲ್ಕು ಗುಳ್ಳೆ ಎದ್ದು ಒಣಗುತ್ತೆ, ಆಸ್ಪತ್ರೆ ಸೇರೋ ಹಾಗೆ ಆಗೋದು ಬಲು ಅಪರೂಪ. ಬೆಳೆದ ಮಕ್ಕಳಿಗೆ ಈ ಕಾಯಿಲೆ ಚಿಕ್ಕವರಿಗಿಂತ ಜೋರು. ಅದಕ್ಕೇ ಹದಿಮೂರು ದಾಟಿದೋರಿಗೆ ನಾಲ್ಕು ವಾರ ಬಿಟ್ಟು ಎರಡನೇದು ಹಾಕ್ಲೇಬೇಕು."

"ಈಗಾಗ್ಲೇ ತಗುಲಿದ್ರೆ?" ಟೈಲರಮ್ಮ ಕೇಳಿದಳು.

"ಮೂರು ದಿನದೊಳಗೆ ಹಾಕಿಸಿದ್ರೆ ಎಷ್ಟೋ ಸಲ ತಡೆಯುತ್ತೆ. ಖಾತ್ರಿ ಅಂತ ಸುಳ್ಳು ಹೇಳಲ್ಲ. ಇವತ್ತು ಎರಡನೇ ದಿನ. ಏಳಿ."

"ನಿಮ್ಮ ರವಿಕೆ ಅಳತೆ..."

"ರವಿಕೆ ಮನೆ ಹಾಳಾಗ್ಲಿ, ಶಾಲೆಗೆ ಹೋಗಿ ಹುಡುಗೀನ ಕರ್ಕೊಂಡು ಬನ್ನಿ."

ಅಂದೇ ಮಗಳಿಗೆ ಮೊದಲ ಡೋಸ್, ಮಗನಿಗೆ ಎರಡನೆಯದು ಆಯಿತು.

ಆಮೇಲೆ ಶುರುವಾಯಿತು ಕಾಯುವ ಸಂಕಟ. ಗುಳ್ಳೆ ಏಳಲು ಮೂರು ವಾರದವರೆಗೂ ಹಿಡಿಯಬಹುದು ಎಂದಿದ್ದಳು ನರ್ಸ್. ದಿನಾ ಬೆಳಿಗ್ಗೆ ಟೈಲರಮ್ಮ ಮಗಳ ಜಡೆ ಎತ್ತಿ ಕುತ್ತಿಗೆ ನೋಡುವಳು, ಬೆನ್ನು ನೋಡುವಳು.

"ನಾನೇನು ಬದನೆಕಾಯಾ ಅಮ್ಮ, ದಿನಾ ತಿರುಗಿಸಿ ಹುಳ ಹುಡುಕ್ತೀಯ?" ಎಂದು ಹುಡುಗಿ ನಗುವಳು. ತಾಯಿಗೆ ನಗು ಬರುತ್ತಿರಲಿಲ್ಲ. ಸೊಳ್ಳೆ ಕಚ್ಚಿದ ಗುರುತು ಕಂಡರೂ ಬೆಳಕಿಗೆ ಎಳೆದು ನೋಡುವಳು.

ಹದಿನಾಲ್ಕನೇ ದಿನ ಗುಳ್ಳೆ ಎದ್ದವು, ಮಗನ ಮೈಮೇಲೆ. ಒಟ್ಟು ಏಳು. ಜ್ವರವಿಲ್ಲ; ಐದು ದಿನದಲ್ಲಿ ಎಲ್ಲ ಒಣಗಿದವು. ಅಲ್ಲಿಯವರೆಗೂ ಅವನನ್ನು ಮನೆಯಲ್ಲೇ ಇರಿಸಿಕೊಂಡರು. ಆದರೆ ಮಗಳು ಅದೇ ಮನೆಯಲ್ಲಿದ್ದಳಲ್ಲ, ತಾಯಿಯ ಮೂರು ವಾರದ ಎಣಿಕೆ ಮತ್ತೆ ಒಂದರಿಂದ ಶುರು.

ನಾಲ್ಕು ವಾರ ತುಂಬಿದ ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದರು.

"ಎಲ್ಲಿಗೆ ಅತ್ತೆ?"

"ಇವಳ ಎರಡನೇ ಡೋಸಿಗೆ. ಮಕ್ಕಳನ್ನ ಕಾಯಿಲೆ ಬಾಯಿಗೆ ಕೊಟ್ಟೋಳು ನಾನು. ಇದಕ್ಕೂ ನಾನೇ ಕರ್ಕೊಂಡು ಹೋಗ್ತೀನಿ."

ಎರಡನೇ ಎಣಿಕೆಯೂ ಮುಗಿಯಿತು. ಹುಡುಗಿಯ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಅಂದು ಟೈಲರಮ್ಮ ಬಾಗಿಲು ಹಾಕಿಕೊಂಡು ಅತ್ತಳು.

ಓದುವವರೇ, ಒಂದು ಮಾತು. ಈ ಮನೆಯವರು ಜಾಣತನದಿಂದ ಪಾರಾಗಲಿಲ್ಲ. ನರ್ಸ್ ಸರಿಯಾದ ದಿನಕ್ಕೆ ಬಂದಳು, ಅಷ್ಟೇ. ನಿಮ್ಮ ಮನೆಗೆ ಬರುತ್ತಾಳೆಂದು ಯಾರು ಹೇಳಿದರು? ಬೇಕೆಂದೇ ಕಾಯಿಲೆ ಅಂಟಿಸಬೇಡಿ. ಮಕ್ಕಳ ಲಸಿಕೆ ಕಾರ್ಡು ತೆಗೆದು ನೋಡಿ. ಒಂದೇ ಡೋಸ್ ಆಗಿದೆಯೇ, ಬೆಳೆದ ಮಗನಿಗೋ ಮಗಳಿಗೋ ಒಂದೂ ಆಗಿಲ್ಲವೇ, ಹೋಗಿ ವೈದ್ಯರನ್ನು ಕೇಳಿ. ಬಸುರಿಯರಿಗೆ ಈ ಲಸಿಕೆ ಹಾಕುವುದಿಲ್ಲ. ಅವರನ್ನು ಕಾಪಾಡಬೇಕಾದದ್ದು ಸುತ್ತಲಿನ ನಾವೇ. ನಾಳೆ ನೋಡೋಣ ಅನ್ನಬೇಡಿ. ಗುಳ್ಳೆ ಎದ್ದ ಮೇಲೆ ಓಡಿದರೆ ಲಸಿಕೆ ಏನೂ ಮಾಡಲಾರದು.