ಎರಡನೆಯ ತೂತು

ಕಥೆಯೊಳಗಿನ ರಾಕ್ಷಸಿಯ ಜೀವ ಏಳು ಹೊಳೆಯಾಚೆ, ಯಾವುದೋ ಗಿಳಿಯ ಗಂಟಲಲ್ಲಿರುತ್ತದೆ. ರಾಯಚೂರಿನ ನೀಲಗಂಗಮ್ಮನ ಜೀವ ಅಷ್ಟು ದೂರ ಇರಲಿಲ್ಲ. ಆಕೆಯ ಅಂಗಳದ ನಳದಲ್ಲೇ ಇತ್ತು. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟಾಗ ಆಕೆ ನಳದ ಪಕ್ಕ ಮಣೆ ಹಾಕಿಕೊಂಡು ಕೂರುವಳು. ಕೊನೆಯ ಹನಿ ಬಿದ್ದ ಮೇಲೆ ನಳದ ತಿರುಪನ್ನು ಬಿಚ್ಚಿ, ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಒಳಗೆ ಹೋಗುವಳು.

ಅದೇ ಅಂಗಳದ ಮೂಲೆಯ ಖೋಲಿಯಲ್ಲಿ ಮೌನೇಶ್ವರಿ ಬಾಡಿಗೆಗಿದ್ದಳು. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಹುಡುಗಿ. ರಾಯಚೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದ್ದವಳನ್ನು ಈ ವರ್ಷ ಅವರ ಮಾನ್ವಿಯ ಶಾಖೆಗೆ ಹಾಕಿದ್ದರು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋದರೆ ತಿರುಗಿ ಬರುವುದು ಸಂಜೆ ಆರಕ್ಕೆ.

ಖೋಲಿಗೆ ಬಂದ ಮೊದಲ ವಾರವೇ ನೀಲಗಂಗಮ್ಮ, "ನಿಮ್ಮದು ಯಾವ ಪೈಕಿ ಆತವ್ವಾ?" ಎಂದು ಕೇಳಿದ್ದಳು. ಮೌನೇಶ್ವರಿ ಮುಚ್ಚಿಡದೆ ಹೇಳಿದಳು. ಮರುದಿನದಿಂದ ನಳಕ್ಕೆ ಕೈ ಹಚ್ಚುವಂತಿರಲಿಲ್ಲ. ನೀಲಗಂಗಮ್ಮನೇ ತನ್ನ ಕೊಡದಿಂದ ಈಕೆಯ ಕೊಡಕ್ಕೆ ಮೊಳದೆತ್ತರದಿಂದ ನೀರು ಹೊಯ್ಯುವಳು. "ನೀ ಯಾಕ ಬಗ್ಗತಿ, ನಡ ನೋಯ್ತದ," ಎಂಬ ಅಂತಃಕರಣ ಬೇರೆ. ಆ ಎತ್ತರ ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದರ ಹೆಸರೆತ್ತಲಿಲ್ಲ. ಹೆಸರೆತ್ತದೆ ಹೊರಗೆ ಹಾಕಲು ಏನಾದರೊಂದು ಬೇಕಿತ್ತು, ಅದಕ್ಕೆ ನಾಯಿ ಸಿಕ್ಕಿತು.

ನಾಯಿಯ ಹೆಸರು ಹಂಡ್ಯಾ. ಕರಿ ಬಿಳಿ ಪಟ್ಟೆಯ ಬೀದಿ ತಳಿ. ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ಮರಿಯನ್ನು ದುಪಟ್ಟಾದಲ್ಲಿ ಸುತ್ತಿ ತಂದಿದ್ದಳು. ಹಗಲೆಲ್ಲ ಬೇವಿನ ಮರಕ್ಕೆ ಉದ್ದ ಚೈನಿನಲ್ಲಿ ಕಟ್ಟಿರುತ್ತಿದ್ದ ಅದು, ಏಪ್ರಿಲ್ ಬಿಸಿಲಿಗೆ ಹುಚ್ಚೆದ್ದು ನೀರಿನ ಬೋಗಾಣಿಯನ್ನು ದಿನಾ ಉರುಳಿಸುತ್ತಿತ್ತು. ನೀಲಗಂಗಮ್ಮ ಒದ್ದೆಯಾದ ಜಾಗವನ್ನು ಕಾಲಲ್ಲಿ ತೋರಿಸಿ ತೋರಿಸಿ ಬೈಯುವಳು.

ಆ ಭಾನುವಾರ ಮೌನೇಶ್ವರಿ ಗಬ್ಬೂರಿಗೆ ಹೋದಾಗ ಅಪ್ಪ ಮೂಕಪ್ಪನಿಗೆ ಇದನ್ನು ಹೇಳಿದಳು. ಮೂಕಪ್ಪ ಕೋಳಿ ಫಾರ್ಮಿನಲ್ಲಿ ದುಡಿಯುವವನು. ಆತ ನಕ್ಕು, ಮರಿಗಳಿಗೆ ನೀರಿಡುವ ಡಬ್ಬಿ ತಂದು ತೋರಿಸಿದ. ತುಂಬಿದ ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟೆಯಲ್ಲಿ ನಿಲ್ಲಿಸುವುದು. ಡಬ್ಬಿಯ ಬಾಯಿ ಮುಳುಗುವಷ್ಟು ನೀರು ಇಳಿದು ತಾನೇ ನಿಲ್ಲುತ್ತದೆ. ಮರಿ ಕುಡಿದು ಡಬ್ಬಿಯ ಬಾಯಿ ತೆರೆದುಕೊಂಡರೆ ಒಂದಿಷ್ಟು ಗಾಳಿ ಒಳಗೆ ಹೋಗುತ್ತದೆ, ಅಷ್ಟೇ ನೀರು ಹೊರಗೆ ಬರುತ್ತದೆ.

"ಬ್ಯಾರೆ ಕಡಿಂದ ಒಳಗ ಗಾಳಿ ಸಿಗಬಾರದು, ನೋಡು. ಅದರ ಗುಟ್ಟು ಅಷ್ಟೇ," ಎಂದ ಮೂಕಪ್ಪ.

ರಾಯಚೂರಿಗೆ ಬಂದು ಆಕೆ ಹತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನನ್ನು ಬೇವಿನ ಬೊಡ್ಡೆಗೆ ತಲೆಕೆಳಗಾಗಿ ತಂತಿಯಿಂದ ಬಿಗಿದಳು. ಕೆಳಗೆ ಅಗಲ ಬೋಗಾಣಿಯಿಟ್ಟು, ಉರುಳದಂತೆ ಸುತ್ತ ಕಲ್ಲು ಒತ್ತರಿಸಿದಳು.

ನೀಲಗಂಗಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನಿದು, ಕ್ಯಾನಿಗೆ ಉರುಳು ಹಾಕೀದೇನು?"

"ನಾಯಿ ಕುಡಿದಷ್ಟೇ ನೀರು ಇಳಿತದರಿ ಅಮ್ಮಾರ. ಉಳಿದದ್ದು ಮ್ಯಾಲೇ ನಿಲ್ತದ."

"ಹೌದಾ? ನಾ ಕೇಳಿದ್ರ ನಳದಾಗ ಬರಂಗಿಲ್ಲ, ನಿನ್ನ ನಾಯಿ ಕೇಳಿದ್ರ ಕ್ಯಾನಿನಾಗಿಂದ ಬರ್ತದ. ಪುಣ್ಯ ಮಾಡಿದ ನಾಯಿ ಬಿಡು." ಆಮೇಲೆ ನಗೆಯನ್ನು ಒರೆಸಿ ತೆಗೆದು, "ನಾ ಮಾತು ಒಂದೇ ಆಡಾಕಿ. ಒಂದಿನ ಅಂಗಳ ತೋಯ್ತಂದ್ರ ಅವತ್ತೇ ನಾಯಿ ಹೊರಗ," ಎಂದಳು.

"ತೋಯಂಗಿಲ್ರಿ."

"ತೋಯ್ದ್ರ?"

"ತೋಯ್ದ್ರ ನಾಯಿ ಒಂದ ಅಲ್ರಿ, ನಾನೂ ಹೊರಗ."

ಸಿಟ್ಟಿನಲ್ಲಿ ಆಡಿದ ಮಾತು. ಆಡಿ ಮುಗಿಯುವಷ್ಟರಲ್ಲಿ ನೀಲಗಂಗಮ್ಮ ಅದನ್ನೂ ನಳದ ತಿರುಪಿನಂತೆ ಗಂಟು ಕಟ್ಟಿಕೊಂಡಾಗಿತ್ತು.

ಹತ್ತು ದಿನ ಅಂಗಳ ಕಾದ ಹೆಂಚಿನಂತೆ ಒಣಗಿಯೇ ಇತ್ತು. ಹಂಡ್ಯಾ ಲೊಚಲೊಚ ಕುಡಿದರೆ ಕ್ಯಾನು ಒಮ್ಮೆ ಗುಳುಕ್ ಎಂದು ಸುಮ್ಮನಾಗುತ್ತಿತ್ತು. ಇದನ್ನು ಬಿಡದೆ ನೋಡುತ್ತಿದ್ದವನು ನೀಲಗಂಗಮ್ಮನ ಗಂಡ ಮಹಾಂತಯ್ಯ. ಬಜಾರಿನಲ್ಲಿ ನಲವತ್ತು ವರ್ಷ ಎಣ್ಣೆ ಅಂಗಡಿ ಇಟ್ಟು ಈಗ ಕಟ್ಟೆಯ ಮೇಲೆ ಕೂತ ಮುದುಕ. ಮನೆಯ ಮಾತೆಲ್ಲ ಹೆಂಡತಿಗೆ ಬಿಟ್ಟುಕೊಟ್ಟವನು. ಒಂದು ಬೆಳಿಗ್ಗೆ ಆತ, "ಯವ್ವಾ, ಇದು ಸರಾಗ ಇಳಿಯಂಗಿಲ್ಲಲ್ಲ. ಕಟ್ಟಿಕೊಂಡದ ನೋಡು," ಎಂದ.

ಮೌನೇಶ್ವರಿಗೆ ಬಸ್ಸಿನ ಅವಸರ. "ಅದು ಹಂಗೇ ಇರಬೇಕ್ರಿ ಯಜ್ಜಾ," ಎಂದು ಓಡಿದಳು.

ಗುರುವಾರ ಗಂಡ ಹೆಂಡತಿ ದೇವದುರ್ಗಕ್ಕೆ ಹೊರಟರು, ಬಳಗದವರ ಮನೆಯ ತೊಟ್ಟಿಲ ಕಾರ್ಯಕ್ಕೆ. ಬೆಳಿಗ್ಗೆ ಮೌನೇಶ್ವರಿ ಕ್ಯಾನು ತುಂಬಿ, ಬೋಗಾಣಿ ನೋಡಿ, ಮಾನ್ವಿಯ ಬಸ್ಸು ಹತ್ತಿದ್ದಳು.

ಮಧ್ಯಾಹ್ನ ಒಂದೂವರೆಗೆ ಫೋನು ಬಂತು. ಪಕ್ಕದ ಮನೆಯ ಖುರ್ಷೀದ್ ಬೇಗಂ.

"ಬೇಟಿ, ನಿನ್ನ ನಾಯಿ ಬಿದ್ದಾನ. ಕರದ್ರ ತಲಿ ಎತ್ತವಲ್ಲ. ಕ್ಯಾನ್ ಖಾಲಿ, ಬೋಗಾಣಿನೂ ಖಾಲಿ."

"ಖಾಲಿ ಹೆಂಗಾಗ್ತದ ಚಾಚಿ? ಹತ್ತು ಲೀಟರ್ ತುಂಬೀನಿ."

"ನನಗೇನು ಗೊತ್ತವ್ವಾ. ಮಹಡಿ ಮ್ಯಾಲ ಬಟ್ಟಿ ತೆಗಿಯಾಕ ಹೋದೆ, ನೋಡಿದೆ. ಗ್ವಾಡಿ ಮ್ಯಾಲಿಂದ ಒಂದು ಬಕೆಟ್ ಹೊಯ್ದೆ. ಅವಗ ಎದ್ದು ಬರಾಕ ಆಗಲಿಲ್ಲ. ಗೇಟಿಗೆ ಹೊಸಾ ಕೀಲಿ ಜಡದು ಹೋಗ್ಯಾರ. ನೀ ಲಗೂನ ಬಾ."

ಬಸ್ಸಿನ ಕಿಟಕಿಯಿಂದ ಬರುತ್ತಿದ್ದ ಗಾಳಿ ಒಲೆಯ ಬಾಯಿಯದು. ಮೌನೇಶ್ವರಿ ಕಣ್ಣು ಮುಚ್ಚಿದರೆ ನೀಲಗಂಗಮ್ಮನ ಕೈ ಕಾಣುತ್ತಿತ್ತು: ಕ್ಯಾನು ಬಿಚ್ಚುವ ಕೈ, ನೀರು ಚೆಲ್ಲುವ ಕೈ, ಮತ್ತೆ ಕ್ಯಾನನ್ನು ಮೊದಲಿನಂತೆ ಕಟ್ಟಿ ಬಳೆ ಸರಿಮಾಡಿಕೊಳ್ಳುವ ಕೈ. ಹೊಸ ಕೀಲಿ ಬೇರೆ, ಅದರ ಕೀಲಿಕೈ ತನಗೆ ಕೊಟ್ಟಿಲ್ಲ. ಊರು ಬರುವಷ್ಟರಲ್ಲಿ ಆಕೆ ಮನಸ್ಸಿನಲ್ಲೇ ಪಂಚಾಯ್ತಿ ಕೂಡಿಸಿ, ಸಾಕ್ಷಿ ಕೇಳಿ, ತೀರ್ಪು ಕೊಟ್ಟು ಮುಗಿಸಿದ್ದಳು.

ಖುರ್ಷೀದ್ ಬೇಗಂ ತನ್ನ ಕಡೆ ಗೋಡೆಗೆ ಸ್ಟೂಲು ಹಾಕಿ ಕಾದಿದ್ದಳು. ಮೌನೇಶ್ವರಿ ಗೋಡೆ ಹತ್ತಿ ಆಚೆ ಧುಮುಕಿದಳು. ಮೊಣಕೈ ಕೆತ್ತಿತು.

ಹಂಡ್ಯಾ ಬೊಡ್ಡೆಗೆ ಬೆನ್ನು ಹಚ್ಚಿ ಬಿದ್ದಿತ್ತು. ನಾಲಿಗೆ ಮಣ್ಣಿನ ಮೇಲೆ, ಒಸಡು ಒಣಗಿ ಇಟ್ಟಿಗೆಯ ಬಣ್ಣ. ಹೊಟ್ಟೆ ಮಾತ್ರ ಪುಟುಪುಟು ಹಾರುತ್ತಿತ್ತು. ಆಕೆ ಅದನ್ನೆತ್ತಿ ಖೋಲಿಯ ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಹೊಟ್ಟೆ, ಪಾದ, ಕಿವಿ ಒರೆಸಿದಳು. ಒಮ್ಮೆಲೆ ಕುಡಿಸಬಾರದೆಂದು ನೀರನ್ನು ಬೆರಳಿನಿಂದ ಹನಿಹನಿಯಾಗಿ ನಾಲಿಗೆಗೆ ಬಿಟ್ಟಳು. ಗೋಡೆಯಾಚೆಯಿಂದ ಖುರ್ಷೀದ್ ಬೇಗಂ ತನ್ನ ಕೊಡದ ನೀರನ್ನೇ ತಂಬಿಗೆ ತಂಬಿಗೆ ಇಳಿಸಿಕೊಟ್ಟಳು. ನಾಲ್ಕೂವರೆಯ ಹೊತ್ತಿಗೆ ಹಂಡ್ಯಾ ಕುತ್ತಿಗೆ ಎತ್ತಿತು. ಐದಕ್ಕೆ ತಾನೇ ನಾಲಿಗೆ ಚಾಚಿ ಕುಡಿಯಿತು.

ಆಗ ಮೌನೇಶ್ವರಿ ಹೋಗಿ ಕ್ಯಾನನ್ನು ನೋಡಿದಳು. ಮೇಲ್ಮುಖವಾಗಿದ್ದ ಅದರ ತಳದಲ್ಲಿ ಒಂದು ತೂತು. ಬಿಸಿಲಿಗೆ ಸೀಳಿದ್ದಲ್ಲ, ಇಲಿ ಕಡಿದದ್ದಲ್ಲ. ಗೋಣಿಚೀಲ ಹೊಲಿಯುವ ದಬ್ಬಣದಿಂದ ಚುಚ್ಚಿದ, ಕಾಳು ಮೆಣಸಿನಷ್ಟು ದುಂಡಗಿನ ತೂತು. ಅದರಿಂದ ಗಾಳಿ ಒಳಗಿಳಿದು, ಹತ್ತು ಲೀಟರು ಬೋಗಾಣಿ ತುಂಬಿ ಹೊರಚೆಲ್ಲಿ ಹರಿದುಹೋಗಿತ್ತು. ಬೋಗಾಣಿಯಲ್ಲಿ ಉಳಿದದ್ದನ್ನು ಹಂಡ್ಯಾ ಹೊತ್ತೇರುವ ಮೊದಲೇ ಕುಡಿದು ಮುಗಿಸಿತ್ತು, ಆಮೇಲಿನ ಬಿಸಿಲು ಅದರ ಗಂಟಲನ್ನು ಬತ್ತಿಸಿತ್ತು.

ಆರಕ್ಕೆ ಕೀಲಿ ತೆಗೆದ ಸದ್ದಾಯಿತು. ನೀಲಗಂಗಮ್ಮನ ಕಣ್ಣು ಮೊದಲು ಬಿದ್ದದ್ದು ನೆಲದ ಮೇಲೆ. ಬೊಡ್ಡೆಯಿಂದ ಗೇಟಿನವರೆಗೆ ನೀರು ಹರಿದ ಗುರುತು ಹಾವಿನಂತೆ ಒಣಗಿ ಬಿದ್ದಿತ್ತು.

"ಓಹೋ. ನಾವು ಅತ್ತ ಹೋಗೂದ ತಡ, ಇತ್ತ ಗಂಗಮ್ಮನ ಜಾತ್ರಿ ಮಾಡೀಯಲ್ಲ."

"ಜಾತ್ರಿ ನಾ ಮಾಡಿಲ್ಲ. ಈ ತೂತು ಹಾಕಿದ ಕೈ ಮಾಡೇದ." ಮೌನೇಶ್ವರಿ ಕ್ಯಾನನ್ನು ಬಿಚ್ಚಿ ಆಕೆಯ ಕಾಲ ಬಳಿ ಇಟ್ಟಳು. "ಮಾರಿ ಮ್ಯಾಲ ಹೇಳಬೇಕಿತ್ರಿ ಹೋಗು ಅಂತ. ಬಾಯಿಲ್ಲದ ಜೀವ ಕೊಂದು ನನ್ನ ಹೊರಗ ಹಾಕಬೇಕಿತ್ತೇನು?"

"ಯಾರು ಕೊಂದ್ರು? ಏ, ನಾಲಿಗಿ ಹಿಡದು ಮಾತಾಡು. ನಾ ನಿನ್ನ ನಾಯಿ ಮುಟ್ಟಿದ ಡಬ್ಬಿ ಮುಟ್ಟತೀನೇನು?"

"ಅದು ಖರೇ. ನೀವು ಮುಟ್ಟಂಗಿಲ್ಲ. ಎತ್ತರದಿಂದ ಹೊಯ್ಯೋ ಮಂದಿ. ಮುಟ್ಟದನೇ ಚುಚ್ಚೋದು ನಿಮಗ ಚೊಲೋ ಬರ್ತದ."

ಒಂದು ವರ್ಷದಿಂದ ಹೆಸರಿಲ್ಲದೆ ಅಂಗಳದಲ್ಲಿ ತಿರುಗಾಡುತ್ತಿದ್ದದ್ದು ಈಗ ನಡುವೆ ಬಂದು ನಿಂತಿತ್ತು.

"ನಾ ಚುಚ್ಚೀನಿ," ಎಂದ ಮಹಾಂತಯ್ಯ.

ಇಬ್ಬರೂ ತಿರುಗಿದರು. ಮುದುಕ ಗೇಟಿನ ಬಳಿ ತೊಟ್ಟಿಲ ಕಾರ್ಯದ ಬುತ್ತಿಯ ಚೀಲ ಹಿಡಿದು ನಿಂತಿದ್ದ.

"ಆಟೋ ಬರೋದು ತಡ ಆತು. ನಾಯಿ ಬೋಗಾಣಿ ನೆಕ್ಕಾಕತ್ತಿತ್ತು. ಬೋಗಾಣಿ ತುಂಬಲಿಲ್ಲ, ಬರೇ ಗುಳುಕ್ ಅಂತು, ನಿಂತುಬಿಡ್ತು. ಎಣ್ಣಿ ಡಬ್ಬಿಗೆ ಒಂದೇ ತೂತು ಹಾಕಿದ್ರ ಎಣ್ಣಿ ಇಳಿಯಂಗಿಲ್ಲ. ಮ್ಯಾಲೊಂದು ಹಾಕಬೇಕು, ಡಬ್ಬಿ ಉಸಿರಾಡಬೇಕು. ನಲವತ್ತು ವರ್ಷ ಅದನ್ನ ಮಾಡೀನಿ. ಹಾದಿ ಬಿಡಿಸಿದೆ, ಕುಡಿಲಿ ಪಾಪ ಅಂತ."

"ನಿಮಗ ಯಾರು ಹೇಳಿದ್ರು ಕೈ ಹಾಕ್ರಿ ಅಂತ?" ನೀಲಗಂಗಮ್ಮ ಗಂಡನ ಮೇಲೆ ಹರಿಹಾಯ್ದಳು. ಮರುಕ್ಷಣವೇ ಅವಳಿಗೆ ದಾರಿ ಕಂಡಿತು. "ಕೇಳಿದೇನು? ಒಳ್ಳೇದಕ್ಕ ಮಾಡ್ಯಾರ. ನನ್ನ ಮ್ಯಾಲ ಕೊಲಿ ಹೊರಿಸಿದಿ. ಇರಲಿ. ಅಂಗಳ ತೋಯ್ತೋ ಇಲ್ಲೋ?"

ಮೌನೇಶ್ವರಿ ಮುದುಕನನ್ನೇ ನೋಡುತ್ತಿದ್ದಳು. ದಾರಿಯುದ್ದಕ್ಕೂ ಒಂದು ಕೈಯನ್ನು ದ್ವೇಷಿಸಿಕೊಂಡು ಬಂದಿದ್ದಳು. ಅದು ಬೇರೆ ಕೈಯಾಗಿತ್ತು, ಮೇಲಾಗಿ ಕನಿಕರದ ಕೈ. ಎಲ್ಲಿ ಇಳಿಯುವುದೆಂದು ತಿಳಿಯದೆ ಸಿಟ್ಟು ಇನ್ನೂ ಕುದಿಯಿತು.

"ಹಂಗೇ ಇರಬೇಕು ಅಂತ ಹೇಳಿದ್ನಿ, ಯಜ್ಜಾ."

"ಹೇಳಿದ್ದಿ."

"ಮತ್ತ?"

ಮಹಾಂತಯ್ಯ ತಲೆ ಕೆರೆದುಕೊಂಡ. "ನಿನ್ನೆ ಮೊನ್ನೆ ಬಂದ ಹುಡುಗಿ, ಡಬ್ಬಿ ಬಗ್ಗೆ ನನಗೇನು ಹೇಳ್ತದ ಅನ್ನಿಸ್ತು."

ಅವನ ಬಾಯಿಂದ ಬಂದ ನಿಜ ಇಷ್ಟೇ. ಅದರಲ್ಲಿ ಹುಡುಗಿ ಎಂಬುದು ಎಷ್ಟು, ಡಬ್ಬಿ ಎಂಬುದು ಎಷ್ಟು, ಆ ಎತ್ತರದ ನೀರು ಎಷ್ಟು ಎಂದು ಮೌನೇಶ್ವರಿ ಬಿಡಿಸಿ ಕೇಳಲಿಲ್ಲ. ಆತ ಒಳಗೆ ಹೋಗಿ ಬಟ್ಟೆ ಸಾಬೂನಿನ ತುಂಡು ತಂದು ಕ್ಯಾನಿನ ತೂತಿಗೆ ತಿಕ್ಕತೊಡಗಿದ, ಸೋರುವ ಎಣ್ಣೆ ಡಬ್ಬಿಗೆ ಮಾಡುವಂತೆ. "ಮುಚ್ಚತದ ನೋಡು, ಒಂದು ಹನಿ ಸೋರಂಗಿಲ್ಲ."

"ಬಿಡ್ರಿ," ಎಂದು ಆಕೆ ಕ್ಯಾನನ್ನು ಕಸಿದುಕೊಂಡಳು.

"ನಾ ಒಂದು ಮಾತು ಕೇಳಿನಿ," ನೀಲಗಂಗಮ್ಮ ಬಿಡಲಿಲ್ಲ. "ತೋಯ್ತೋ ಇಲ್ಲೋ?"

"ತೋಯ್ತು."

"ತೋಯ್ದ್ರ ನಾನೂ ಹೊರಗ ಅಂದಾಕಿ ಯಾರು?"

"ನಾನೇ."

"ಮುಗೀತಲ್ಲ."

ಮಹಾಂತಯ್ಯ ಬಾಯಿ ತೆರೆದ. ಹೆಂಡತಿ ನೋಡಿದಳು. ಸಾಬೂನಿನ ತುಂಡು ಹಿಡಿದುಕೊಂಡೇ ಒಳಗೆ ಹೋದ.

ಗೋಡೆಯ ಮೇಲೆ ಖುರ್ಷೀದ್ ಬೇಗಂಳ ತಲೆ ಕಂಡಿತು. ಎಲ್ಲ ಕೇಳಿಸಿಕೊಂಡಿದ್ದಳು, ಕೇಳಿಸಿಕೊಂಡಿಲ್ಲವೆಂಬ ಸೋಗೂ ಹಾಕಲಿಲ್ಲ. "ನಮ್ಮ ಮಹಡಿ ಮ್ಯಾಲಿನ ಖೋಲಿ ಸುಮ್ನ ಬಿದ್ದದ. ಸಾಮಾನು ಗೇಟು ಸುತ್ತಿ ಯಾಕ ಒಯ್ಯತಿ, ಇಲ್ಲೇ ಕೊಡು."

ಹಾಗಾಗಿ ಮೌನೇಶ್ವರಿಯ ಸಂಸಾರ ಗೋಡೆಯ ಮೇಲಿಂದಲೇ ದಾಟಿತು. ಟ್ರಂಕು, ಗ್ಯಾಸಿನ ಒಲೆ, ಹಾಸಿಗೆ ಸುತ್ತು, ಕೊಡ. ಕೊನೆಗೆ ಹಂಡ್ಯಾನನ್ನು ಎತ್ತಿಕೊಟ್ಟಳು. ನೀಲಗಂಗಮ್ಮ ಕಟ್ಟೆಯ ಮೇಲೆ ಕುಳಿತು ಒಂದೊಂದನ್ನೂ ನೋಡಿದಳು.

"ದೂರ ಏನು ಹೋಗಲಿಲ್ಲ ಬಿಡು," ಎಂದಳು. "ಆಕಡಿಂದ ಒಂದು ಹನಿ ಈಕಡಿ ಬರಲಿ, ನೋಡಕೋತೀನಿ."

"ಬರಂಗಿಲ್ರಿ. ಮೊಳದೆತ್ತರದಿಂದ ಹೊಯ್ಯೋ ಪದ್ಧತಿ ನಮ್ಮಲ್ಲಿಲ್ಲ."

ಮಾರನೆ ಬೆಳಿಗ್ಗೆ ಆಕೆ ರಜೆ ಹಾಕಿ, ಖುರ್ಷೀದ್ ಬೇಗಂಳ ಹಿತ್ತಲಿನ ನೆರಳಿನಲ್ಲಿ ಹಂಡ್ಯಾನ ಪಕ್ಕ ಕುಳಿತಿದ್ದಳು. ಗೋಡೆಯ ಆಚೆ ಕೆಮ್ಮು ಕೇಳಿಸಿತು.

"ಯವ್ವಾ, ನಾಯಿ ಹೆಂಗದ? ಎದ್ದು ಅಡ್ಡಾಡತದೇನು?"

ಆಕೆ ಚೈನನ್ನು ಕೈಗೆ ಸುತ್ತಿಕೊಂಡಳು. ಆದರೆ ಹಂಡ್ಯಾ ಆ ದನಿಯನ್ನು ಬಲ್ಲದು. ದಿನವಿಡೀ ಕಟ್ಟೆಯ ಮೇಲಿಂದ ಕೇಳಿದ ದನಿ. ಅದು ತತ್ತರಿಸುತ್ತ ಎದ್ದು, ಇಟ್ಟಿಗೆ ಬಿದ್ದ ಗೋಡೆಯ ಕಿಂಡಿಗೆ ಮೂತಿ ಹಚ್ಚಿ, ಬಾಲ ಅಲ್ಲಾಡಿಸಿತು. ಆಚೆಯಿಂದ ಮುದುಕನ ಎರಡು ಬೆರಳು ಒಳಗೆ ಬಂದವು.

ಮೌನೇಶ್ವರಿ ಚೈನು ಹಿಡಿದು ಎಳೆದಳು. ಹಂಡ್ಯಾ ಬರಲೊಲ್ಲದು. ಆಕೆ ಅದನ್ನು ಎತ್ತಿಕೊಂಡು ಬಂದು ದೂರ ಕಟ್ಟಿ, ಒಂದು ಗೋಣಿತಟ್ಟು ಹುಡುಕಿ ತಂದು ಆ ಕಿಂಡಿಗೆ ಅಡ್ಡ ಮೊಳೆ ಹೊಡೆದಳು.

"ಯಾಕ ಬೇಟಿ?" ಎಂದಳು ಖುರ್ಷೀದ್ ಬೇಗಂ ಬಾಗಿಲಿನಿಂದ.

"ಬಿಸಿಲು ಬರ್ತದ ಚಾಚಿ," ಎಂದು ಮೌನೇಶ್ವರಿ ಇನ್ನೊಂದು ಮೊಳೆ ಹೊಡೆದಳು.